ಸಕ್ಕರೆ ಡಬ್ಬಿ ಯಾರಿಗೆ ಗೊತ್ತು

ಪ್ರತಿವರ್ಷ ಮಳೆಗಾಲದ ಮೊದಲ ವಾರದಲ್ಲಿ ಹಾನಗಲ್ಲಿನ ನಮ್ಮ ಮನೆಗೆ ನಾಲ್ಕೈದು ಹುಡುಗ ಹುಡುಗಿಯರು ಚಹಾ ಕುಡಿಯುವುದನ್ನು ಕಲಿಯಲು ಬರುತ್ತಾರೆ. ಎಲ್ಲರೂ ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದವರು. ಚಪ್ಪಲಿ ಸಾಲಾಗಿ ಬಿಟ್ಟು ಒಳಗೆ ಬಂದು, ಪಡಸಾಲೆಯ ಜಮಖಾನೆಯ ಮೇಲೆ ಕುಳಿತು, ನೋಟುಪುಸ್ತಕ ತೆರೆದು ನಾನೇನೋ ಭಾಷಣ ಮಾಡುತ್ತೇನೆಂದು ಕಾಯುತ್ತಾರೆ. ನಾನು ಒಳಗಿನಿಂದ ಕಪ್ಪುಗಳ ತಾಟು ತಂದು ಮುಂದೆ ಹಿಡಿಯುತ್ತೇನೆ. ಅರ್ಧದಷ್ಟು ಮಂದಿ ಈಗಷ್ಟೇ ಆಯಿತು, ತೊಂದರೆ ಬೇಡ ಎಂದು ಕೈ ಅಡ್ಡ ಮಾಡುತ್ತಾರೆ. ಆಗ ಬಾಗಿಲ ಹತ್ತಿರ ನಿಂತಿರುವ ನನ್ನ ನಾದಿನಿ, ಅಂದರೆ ನನ್ನ ಯಜಮಾನರ ತಂಗಿ, ಸಾವಕಾಶವಾಗಿ ಹೇಳುತ್ತಾಳೆ: "ನಾಪಾಸು. ಹೊರಗ ಹೋಗಿ ಮತ್ತ ಒಳಗ ಬರ್ರಿ."

ಅವರು ನಗುತ್ತಾರೆ. ಅವಳು ನಗುವುದಿಲ್ಲ. ನಿಜವಾಗಿಯೂ ಹೊರಗೆ ಕಳಿಸುತ್ತಾಳೆ.

ಅವಳೀಗ ಪ್ರೊಫೆಸರು, ಇವರೆಲ್ಲ ಅವಳ ವಿದ್ಯಾರ್ಥಿಗಳು. ಮನೆಯಲ್ಲಿ ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವ ಮಕ್ಕಳ ಬಗ್ಗೆ, ಅಂದರೆ ಅವ್ವನಿಗೆ ಗುಳಿಗೆ ಕೊಟ್ಟು, ಅಜ್ಜನ ಮೈ ಒರೆಸಿ, ತಮ್ಮನಿಗೆ ಉಣಿಸಿ, ಎರಡನೆಯ ಗಂಟೆಗೆ ಶಾಲೆಗೆ ಓಡುವ ಮಕ್ಕಳ ಬಗ್ಗೆ, ಹತ್ತು ವರ್ಷದಿಂದ ಓದುತ್ತಿರುವವಳು. ದೂರದೂರದ ಊರುಗಳಲ್ಲಿ ಅವಳನ್ನು ಕರೆದು ವೇದಿಕೆಯ ಮೇಲೆ ಕೂರಿಸುತ್ತಾರೆ. ಆದರೆ ಆ ಓದು ಶುರುವಾದ ವರ್ಷವೇ ನಿಂತುಹೋಗುವುದರಲ್ಲಿತ್ತು. ಅದನ್ನು ಕಣ್ಣಾರೆ ಕಂಡವಳು ನಾನು.

ಪಿಎಚ್‌ಡಿಗೆ ಸೇರಿದಾಗ ಅವಳು ನಮ್ಮ ನಾಲ್ಕು ತಾಲೂಕುಗಳನ್ನೇ ಆರಿಸಿಕೊಂಡಳು: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಹಿಂದಿರುಗಬಹುದು, ಅಡುಗೆಗೆ ವೈನಿ ಇದ್ದಾಳೆ ಎಂಬ ಲೆಕ್ಕ. ವೈನಿ, ಅಂದರೆ ಅತ್ತಿಗೆ, ನಾನೇ. ನನ್ನ ಊಟದ ಮೇಜಿನ ಅರ್ಧಭಾಗ ಅವಳ ಕಾಗದಗಳಿಗೆ ಹೋಯಿತು. ಇಂದಿಗೂ ಅವಳ ಮೊದಲ ವರ್ಷದ ಕಡತ ತೆರೆದರೆ ಅಲ್ಲಲ್ಲಿ ಅರಿಶಿನದ ಕಲೆ ಸಿಗುತ್ತದೆ.

ಅವಳಿಗೆ ಈ ವಿಷಯ ಹೊಳೆದದ್ದು ಒಂದು ದವಾಖಾನೆಯ ವರಾಂಡದಲ್ಲಿ. ಶಾಲೆಯ ಚೀಲ ಬೆನ್ನಿಗಿದ್ದಂತೆಯೇ ಒಂದು ಹುಡುಗಿ ಅಪ್ಪನ ಸಲಾಯಿನ್ ಬಾಟಲಿಯನ್ನು ಎತ್ತಿ ಹಿಡಿದು ಅವನ ಹಿಂದೆ ನಡೆಯುತ್ತಿದ್ದಳಂತೆ. ಎತ್ತರ ಸಾಲದೆ ತುದಿಗಾಲಿನ ಮೇಲೆ ನಡೆಯುತ್ತಿದ್ದಳಂತೆ. ಇವಳು ಅದನ್ನು ಗೈಡ್‌ಗೆ ಹೇಳಿದಾಗ ಅವರು ಒಪ್ಪಲಿಲ್ಲ. ದೊಡ್ಡ ವಿದ್ವಾಂಸರು, ಒಳ್ಳೆಯವರು, ಆದರೆ ಕುಳಿತ ಕುರ್ಚಿಯಿಂದಲೇ ಊರೆಲ್ಲ ಕಾಣುತ್ತದೆ ಎಂದುಕೊಂಡವರು. ಇದು ಪರದೇಶದ ವಿಷಯ, ನಮ್ಮ ಕಡೆ ಚಿಕ್ಕಮ್ಮ ದೊಡ್ಡಮ್ಮ ಸೋದರತ್ತೆ ಎಂದು ಮನೆ ತುಂಬ ಜನ ಇರುತ್ತಾರೆ, ಮಕ್ಕಳ ಮೇಲೆ ಅಂಥ ಹೊರೆ ಬೀಳುವುದಿಲ್ಲ ಎಂದರು. ಕೊನೆಗೆ ಒಂದು ಗಡುವು ಕೊಟ್ಟರು. ಸಂಕ್ರಾಂತಿಯೊಳಗೆ ಹತ್ತು ಮಕ್ಕಳನ್ನಾದರೂ ಕಂಡುಹಿಡಿದು ತೋರಿಸಬೇಕು, ಇಲ್ಲದಿದ್ದರೆ ವಿಷಯ ಬದಲಿಸಿ ಸ್ವಸಹಾಯ ಸಂಘಗಳ ಮೇಲೆ ಬರೆಯಬೇಕು. ಸ್ವಸಹಾಯ ಸಂಘಗಳ ಮೇಲೆ ಅವಳ ವಿಭಾಗದಲ್ಲಿ ಆಗಲೇ ಒಂದು ಕಪಾಟು ತುಂಬ ಪ್ರಬಂಧಗಳಿದ್ದವು.

ಗಣೇಶ ಚೌತಿ ಮುಗಿದ ಮರುದಿನವೇ ಹೊರಟಳು. ಶಾಲೆಗಳ ಮಾಸ್ತರರನ್ನು ಕೇಳಿ, ಯಾವ ಮಗು ದಿನಾ ತಡವಾಗಿ ಬರುತ್ತದೆ, ಯಾರ ಮನೆಯಲ್ಲಿ ಕಾಯಿಲೆ ಇದೆ ಎಂದು ಪಟ್ಟಿ ಮಾಡಿಕೊಂಡು ಮನೆಮನೆಗೆ ಹೋದಳು. ಮಾಸೂರಿಗೆ ಹೋದಳು, ಹಿರೇಕೆರೂರಿನ ಓಣಿಗಳನ್ನು ಸುತ್ತಿದಳು, ಸವಣೂರಿಗೆ ಮೂರು ಸಲ ಹೋಗಿ ಮೂರು ಸಲವೂ ಬರುವಾಗ ಆ ಊರಿನ ಹೆಸರಾದ ಖಾರದ ಪೊಟ್ಟಣ ತಂದಳು. ಫಾರ್ಮು ಮಾತ್ರ ಖಾಲಿ. ಎಲ್ಲ ಮನೆಗಳಲ್ಲೂ ಯಾರೋ ಒಬ್ಬ ಹಿರಿಯ ಹೆಂಗಸು ಮುಂದೆ ಬಂದು, ಕಾಯಿಲೆಯವರನ್ನು ನಾನೇ ನೋಡಿಕೊಳ್ಳುತ್ತೇನೆ, ಮಗು ಬರೀ ಓದುತ್ತದೆ, ಆಡುತ್ತದೆ ಎನ್ನುತ್ತಿದ್ದಳು. ದೀಪಾವಳಿಯ ಹೊತ್ತಿಗೆ ನಾದಿನಿಯ ಮುಖ ಸಣ್ಣದಾಯಿತು. ಗೈಡ್ ಹೇಳಿದ್ದೇ ಖರೆ ಇರಬೇಕು ಎನ್ನತೊಡಗಿದಳು.

ಕಾರ್ತಿಕದ ಒಂದು ಶನಿವಾರ ನಮ್ಮ ಯಜಮಾನರೇ ನನ್ನನ್ನು ಅವಳ ಜೊತೆ ಹೊರಡಿಸಿದರು. ಒಬ್ಬಳೇ ಅಲೆದು ಬೇಸರಾಗಿದೆ, ಮಾತಿಗಾದರೂ ಹೋಗು ಎಂದು. ನಾನು ಅವಲಕ್ಕಿಯ ಡಬ್ಬಿ ಕಟ್ಟಿಕೊಂಡು ಹೊರಟೆ. ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ದುಂಡಸಿಗೆ ಹೋದೆವು.

ಮನೆ ಚಿಕ್ಕದು, ಸಗಣಿಯಿಂದ ಸಾರಿಸಿದ ಕಟ್ಟೆ, ಬಾಗಿಲ ಮೇಲೆ ಬುದ್ಧನ ಪಟ. ಒಳಗೆ ಮಂಚದ ಮೇಲೆ ತಾಯಿ, ಸಕ್ಕರೆ ಕಾಯಿಲೆ, ಬಲಗಾಲಿಗೆ ಗಾಯವಾಗಿ ಬಹಳ ದಿನದಿಂದ ಪಟ್ಟಿ. ತಂದೆ ಹುಬ್ಬಳ್ಳಿಯಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುವವರು. ಮೂಲೆಯಲ್ಲಿ ಹನ್ನೊಂದು ವರ್ಷದ ಮಗಳು, ಮಧ್ಯಾಹ್ನದ ಹೊತ್ತಿನಲ್ಲೂ ಶಾಲೆಯ ಸಮವಸ್ತ್ರ ಹಾಕಿಕೊಂಡು ಪುಸ್ತಕ ಹಿಡಿದು ಕುಳಿತಿದ್ದಳು. ನಮ್ಮನ್ನು ಬರಮಾಡಿಕೊಂಡದ್ದು ಆ ಹುಡುಗಿಯ ದೊಡ್ಡವ್ವ. ತಂಗಿಯ ಆರೈಕೆ ಎಲ್ಲ ತನ್ನದೇ ಎಂದು ಕೇಳುವ ಮೊದಲೇ ಹೇಳಿದಳು. ಆಮೇಲೆ ಚಹಾ ಮಾಡಲು ಎದ್ದಳು.

ನಾದಿನಿ ಎಂದಿನಂತೆ ಕೈ ಅಡ್ಡ ಮಾಡಿದಳು. ಬಡವರ ಮನೆಗೆ ಹೊರೆಯಾಗಬಾರದು, ಸಂಶೋಧಕರು ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಅವಳು ಕ್ಲಾಸಿನಲ್ಲಿ ಕಲಿತ ನಿಯಮ. ನೀರನ್ನೂ ತನ್ನ ಬಾಟಲಿಯಿಂದಲೇ ಕುಡಿಯುತ್ತಿದ್ದಳು.

ದೊಡ್ಡವ್ವ ನಗುತ್ತಲೇ ಕೇಳಿದಳು: "ಯಾಕ್ರಿ ಬಾಯಾರ, ನಮ್ಮ ಮನ್ಯಾಗ ಕುಡಿಯಾಂಗಿಲ್ಲೇನ್ರಿ?"

"ಛೇ, ಹಂಗೇನಿಲ್ಲರಿ. ನಮಗ ರೂಲ್ಸ್ ಅವ."

"ಹೌದ್ ಬಿಡ್ರಿ," ಎಂದಳು ದೊಡ್ಡವ್ವ, ಸೆರಗು ಸರಿ ಮಾಡಿಕೊಳ್ಳುತ್ತ. "ರೂಲ್ಸು ಮೊದಲಿಂದೂ ಅದಾವ."

ನಾದಿನಿ ಫಾರ್ಮಿನಲ್ಲಿ ತಲೆ ತಗ್ಗಿಸಿದ್ದಳು. ಅವಳಿಗೆ ಆ ಮಾತು ತಾಗಲಿಲ್ಲ. ನನಗೆ ಕಿವಿ ಬಿಸಿಯಾಯಿತು. ಯಾಕೆಂದರೆ ನಮ್ಮ ಮನೆತನದಲ್ಲಿ ಅಂಥದ್ದು ಇದ್ದದ್ದು ಸುಳ್ಳಲ್ಲ. ನಮ್ಮ ಅತ್ತೆ ಇಂದಿಗೂ ಹೊರಗೆ ಎಲ್ಲೂ ನೀರು ಮುಟ್ಟುವುದಿಲ್ಲ, ಪೂಜೆ, ಮಡಿ, ಪಾರಾಯಣದ ಮನೆ. ನಮ್ಮ ಅಡ್ಡಹೆಸರು ಹೇಳಿದರೆ ಸಾಕು, ಸುತ್ತಲಿನ ಊರಿನವರಿಗೆ ಉಳಿದದ್ದೆಲ್ಲ ಗೊತ್ತಾಗುತ್ತದೆ. ನಾನು ಬೇಗನೆ ಹೇಳಿದೆ, "ನನಗ ಕೊಡ್ರಿ. ಇವತ್ತ ಬಸ್ಸಿನ್ಯಾಗ ನಿಂತ ನಿಂತ ತಲಿ ನೋಯಾಕತ್ತದ."

ದೊಡ್ಡವ್ವ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಒಳಗೆ ಹೋದಳು.

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮಗೆ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯ ಮುಂಭಾಗ ನೋಡುತ್ತಲೇ ಇರಲಿಲ್ಲ. ತಿರುವಿ ಹಾಕಿ ಹಿಂದಿನ ಗಂಟುಗಳನ್ನು ನೋಡಿ ಅಂಕ ಕೊಡುತ್ತಿದ್ದರು. ಆ ಚಟ ನನಗೂ ಅಂಟಿದೆ. ಸುಮ್ಮನೆ ಕುಳಿತಲ್ಲಿಂದ ಮನೆಯ ಹಿಂಭಾಗ ನೋಡತೊಡಗಿದೆ.

ಒಳಗಿನಿಂದ ಡಬ್ಬಿಯ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿತು. ಒಂದು, ಎರಡು, ಮೂರು, ನಾಲ್ಕು. ಹಿತ್ತಲಲ್ಲಿ ಬಿಳಿ ಬಟ್ಟೆಯ ಚೌಕಗಳು ಒಣಗುತ್ತಿದ್ದವು, ಗಾಯಕ್ಕೆ ಕಟ್ಟುವಂಥವು, ಎಲ್ಲ ಒಂದೇ ಅಳತೆ. ಆ ಹಗ್ಗ ಕಟ್ಟಿದ್ದು ನನ್ನ ಸೊಂಟದ ಎತ್ತರಕ್ಕೆ. ದೊಡ್ಡವ್ವ ನನಗಿಂತ ಒಂದು ಗೇಣು ಎತ್ತರದ ಹೆಂಗಸು. ಅವಳು ಅಲ್ಲಿ ಬಟ್ಟೆ ಹಾಕಬೇಕಾದರೆ ನಡು ಬಗ್ಗಿಸಬೇಕು. ಹುಡುಗಿ ಅರ್ಧ ಗಂಟೆಯಿಂದ ಪುಸ್ತಕದ ಹಾಳೆ ತಿರುವಿರಲಿಲ್ಲ. ಐದನೆಯ ಮುಚ್ಚಳದ ಸದ್ದಾದಾಗ ಅವಳು ಅವ್ವನ ಮುಖ ನೋಡಿದಳು, ನೀರು ಕುಡಿದು ಬರುತ್ತೇನೆಂದು ಎದ್ದು ಒಳಗೆ ಹೋದಳು. ಮುಚ್ಚಳದ ಸದ್ದು ನಿಂತಿತು. ಎರಡೇ ನಿಮಿಷದಲ್ಲಿ ಚಹಾ ಬಂತು, ಸಕ್ಕರೆ ಸರಿಯಾಗಿತ್ತು.

ಬಸ್ಸಿನಲ್ಲಿ ನಾದಿನಿ ಫಾರ್ಮು ಮಡಚಿ ಚೀಲಕ್ಕೆ ಹಾಕಿ, ಇದೂ ಇಲ್ಲ ವೈನಿ, ಅಂದಳು.

ನಾನು ಹೇಳಿದೆ, "ಆ ಮನಿ ನಡಸಾಕಿ ದೊಡ್ಡವ್ವ ಅಲ್ಲ. ಅಕಿಗೆ ಸಕ್ಕರಿ ಡಬ್ಬಿ ಎಲ್ಲಿ ಅದ ಅಂತ ಗೊತ್ತಿಲ್ಲ." ಹಗ್ಗದ ಮಾತು ಹೇಳಿದೆ, ಹಾಳೆ ತಿರುವದ ಪುಸ್ತಕದ ಮಾತು ಹೇಳಿದೆ. ಅವಳ ಕಣ್ಣು ದೊಡ್ಡದಾಯಿತು. ಆಮೇಲೆ, ಹೇಳಲೋ ಬೇಡವೋ ಎಂದು ಎರಡು ಮೈಲಿ ಯೋಚಿಸಿ, ರೂಲ್ಸಿನ ಮಾತನ್ನೂ ಹೇಳಿದೆ. ದೊಡ್ಡವ್ವ ಅಂದದ್ದು ಯಾವ ರೂಲ್ಸು ಎಂದು.

ನಾದಿನಿ ಕಿಟಕಿಯ ಕಡೆ ತಿರುಗಿ ಕುಳಿತಳು. ಕಾಲೇಜಿನ ದಿನಗಳಿಂದ ಎಲ್ಲರ ಡಬ್ಬಿಯಲ್ಲಿ ಕೈ ಹಾಕಿ ಉಂಡವಳು ಅವಳು, ಆ ಕಾರಣಕ್ಕೆ ಅವ್ವನ ಹತ್ತಿರ ಬೈಸಿಕೊಂಡವಳು. ಮೂರು ತಿಂಗಳು, ನಾಲ್ಕು ತಾಲೂಕು, ಒಂದೊಂದು ಮನೆಯ ಹೊಸ್ತಿಲಲ್ಲೂ ಕೈ ಅಡ್ಡ ಮಾಡಿ ಬಂದಿದ್ದಳು. ತಾನು ಶಿಸ್ತು ಎಂದುಕೊಂಡದ್ದನ್ನು ಅವರೆಲ್ಲ ಏನೆಂದುಕೊಂಡಿರಬೇಕು ಎಂಬುದು ಅವಳಿಗೆ ಆಗ ತಿಳಿಯಿತು. ಬಾಯಿಗೆ ನೀರು ಹಾಕದವರ ಮುಂದೆ ಮನೆಯ ಒಳಮಾತು ಯಾರು ಹೇಳುತ್ತಾರೆ? ಶಿಗ್ಗಾವಿ ಬಂದಾಗ ಕಣ್ಣೊರೆಸಿಕೊಂಡು, "ಎಲ್ಲಾ ಮನಿಗೂ ಮತ್ತ ಹೋಗಬೇಕು ವೈನಿ," ಅಂದಳು. "ನೀವೂ ಬರ್ರಿ."

ಹೀಗೆ ನನ್ನ ಸಂಶೋಧನೆಯ ದಿನಗಳು ಶುರುವಾದವು. ನಾನು ಅಷ್ಟು ಖುಷಿಯಾಗಿ ಓಡಾಡಿದ ಚಳಿಗಾಲ ಇನ್ನೊಂದಿಲ್ಲ. ಮಾಸೂರಿನಲ್ಲಿ ಮದಗದ ಕೆರೆಯ ಗಾಳಿಗೆ ಸೆರಗು ಹಿಡಿದುಕೊಂಡು, ಹಿಂದೆ ಬೇಡವೆಂದ ಮನೆಗೇ ಹೋಗಿ, ಚಹಾ ಕೊಡ್ರಿ ಎಂದು ನಾವೇ ಕೇಳಿದೆವು. ಒಬ್ಬ ಅಜ್ಜಿ, ಅವತ್ತ ಉಪಾಸ ಇತ್ತೇನವಾ ನಿನ್ನದು, ಎಂದು ನಾದಿನಿಯನ್ನು ಸರಿಯಾಗಿ ತಿವಿದಳು. ಅವಳು ತಪ್ಪಾತು ಎಂದು ಎರಡು ಕಪ್ಪು ಕುಡಿದಳು. ಚಹಾ ಆಗುವವರೆಗೆ ಯಾರೂ ಫಾರ್ಮು ತೆಗೆಯಬಾರದು, ಪ್ರಶ್ನೆ ಕೇಳಬಾರದು. ಸುಮ್ಮನೆ ಕಿವಿ ತೆರೆದು ಕೂರಬೇಕು. ಯಾರು ಒಲೆ ಹಚ್ಚುತ್ತಾರೆ, ಯಾರು ಮುಚ್ಚಳ ಹುಡುಕುತ್ತಾರೆ, ಯಾರು ಹುಡುಕದೆ ಕೈ ಹಾಕುತ್ತಾರೆ. ಸವಣೂರಿನ ಒಂದು ಮನೆಯಲ್ಲಿ ಏಳನೆಯ ಇಯತ್ತೆಯ ಹುಡುಗ ಅಜ್ಜಿಯ ಪಾಲಿನ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು, ತನ್ನ ಕಿರುಬೆರಳು ಅದ್ದಿ ಬಿಸಿ ನೋಡಿ, ಆಮೇಲೆ ಕುಡಿಸಿದ. ನಾದಿನಿ ನನ್ನ ಮೊಣಕೈ ತಿವಿದಳು.

ದಿನಕ್ಕೆ ಎಂಟು ಹತ್ತು ಕಪ್ಪಾಗಿ ಅವಳಿಗೆ ಎದೆಯುರಿ ಹತ್ತಿತು. ಮನೆಗೆ ಬಂದು ಹೊಟ್ಟೆ ಹಿಡಿದು ಕೂತರೆ, ನಮ್ಮ ಅತ್ತೆ ಎಲ್ಲಿ ಕುಡಿದೆ, ಯಾರ ಮನೆಯಲ್ಲಿ ಕುಡಿದೆ ಎಂದು ಒಂದು ಮಾತೂ ಕೇಳದೆ ಜೀರಿಗೆ ಕುದಿಸಿದ ನೀರಿನ ತಂಬಿಗೆ ತಂದಿಟ್ಟು ಹೋಗುತ್ತಿದ್ದರು. ಎರಡನೆಯ ವಾರದಿಂದ ನಾವು ಬರುವ ಹೊತ್ತಿಗೆ ತಂಬಿಗೆ ಆಗಲೇ ಮೇಜಿನ ಮೇಲಿರುತ್ತಿತ್ತು.

ದುಂಡಸಿಯ ಹುಡುಗಿ ಬಾಯಿ ಬಿಟ್ಟದ್ದು ನಾವು ಮೂರನೆಯ ಸಲ ಹೋದಾಗ. ನಾನು ಅವಳ ಅವ್ವನ ಜೊತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಹುಡುಗಿ ನಾದಿನಿಯ ಹತ್ತಿರ ಬಂದು ನಿಂತು ಕೇಳಿದಳು: "ನನ್ನ ಹೆಸರು ಬರಕೊಂಡು ಹಾಸ್ಟೆಲ್‌ಗೆ ಹಾಕ್ತೀರೇನ್ರಿ?"

ಇಷ್ಟು ದಿನದ ಹೆದರಿಕೆ ಅದೇ ಆಗಿತ್ತು. ಕಾಗದ ಹಿಡಿದು ಬಂದವರು ತನ್ನನ್ನು ಅವ್ವನಿಂದ ಬಿಡಿಸಿ ಕರೆದೊಯ್ಯುತ್ತಾರೆ ಎಂದು. ಅದಕ್ಕೇ ದೊಡ್ಡವ್ವನನ್ನು ಮೂರು ಮನೆ ಆಚೆಯಿಂದ ಕರೆಸಿ ಮುಂದೆ ನಿಲ್ಲಿಸಿದ್ದರು.

ನಾದಿನಿ ಫಾರ್ಮು ತೆಗೆದು ಅವಳ ಹೆಸರಿದ್ದ ಸಾಲು ತೋರಿಸಿ ಪೆನ್ನು ಕೊಟ್ಟಳು. "ನೀನ ಅಳಸು. ಇನ್ನ ಮ್ಯಾಲೆ ಯಾರ ಹೆಸರೂ ಬರಿಯಂಗಿಲ್ಲ." ಹುಡುಗಿ ಕಂಪಾಸಿನಿಂದ ಅಳತೆಪಟ್ಟಿ ತಂದು, ಅದನ್ನಿಟ್ಟು, ನೆಟ್ಟಗೆ ಎರಡು ಗೆರೆ ಎಳೆದು ಹೆಸರು ಹೊಡೆದು ಹಾಕಿದಳು. ಆಮೇಲೆ ಕುಳಿತು ಬೆಳಗಿನ ಐದೂವರೆಯಿಂದ ತನ್ನ ದಿನ ಹೇಗೆ ಹೋಗುತ್ತದೆಂದು ಹೇಳಿದಳು. ಹೇಳುವಾಗ ಹೆಮ್ಮೆ ಇತ್ತು, ಅಳು ಇರಲಿಲ್ಲ. ಅವ್ವನಿಗೆ ಸಿಹಿಯ ಆಸೆ ತಡೆಯುವುದಿಲ್ಲ, ಕದ್ದು ಸಕ್ಕರೆ ಮುಕ್ಕುತ್ತಾಳೆ, ಅದಕ್ಕೇ ಡಬ್ಬಿ ಬಚ್ಚಿಡುತ್ತೇನೆ ಎಂದಳು. ಮಂಚದ ಮೇಲಿನಿಂದ ಅವ್ವ, "ಒಂದ್ಸಲ ಮುಕ್ಕಿದ್ದಕ್ಕ ಒಂದ ವರ್ಷ ಶಿಕ್ಷಾ," ಅಂದಳು. ಎಷ್ಟು ಸಲ ಎಂಬುದರ ಮೇಲೆ ತಾಯಿ ಮಗಳಿಗೆ ಜಗಳವಾಯಿತು. ನಮಗೆ ನಗು.

ಹೀಗೆ ಹತ್ತಲ್ಲ, ಹದಿನಾಲ್ಕು ಮಕ್ಕಳಾದರು. ಆದರೆ ಗೈಡ್ ಫೋನಿನಲ್ಲಿ ಎಲ್ಲ ಕೇಳಿ, ಚಹಾದ ಕಥೆ ಪುರಾವೆ ಆಗುವುದಿಲ್ಲ ಎಂದರು. ಸಂಕ್ರಾಂತಿಗೆ ಹನ್ನೆರಡು ದಿನ ಉಳಿದಿತ್ತು. ಅಷ್ಟರಲ್ಲಿ ಅವರು ಶಿಗ್ಗಾವಿ ಹತ್ತಿರದ ಗೊಟಗೋಡಿಗೆ ಯಾವುದೋ ಗೋಷ್ಠಿಗೆ ಬರುವವರಿದ್ದರು. ಒಂದು ಮನೆಗಾದರೂ ಬನ್ನಿ ಎಂದು ನಾದಿನಿ ಬೇಡಿಕೊಂಡಳು. ದುಂಡಸಿಗೆ ಹೋಗಿ ತಾಯಿ ಮಗಳ ಒಪ್ಪಿಗೆ ಕೇಳಿದೆವು. ಬರಲಿ, ಆದರೆ ಚಹಾ ಕುಡಿಯಬೇಕು ಎಂದು ಹುಡುಗಿ ಕರಾರು ಹಾಕಿದಳು.

ಅವರು ಹೊಸ ಬೂಟು ಹಾಕಿಕೊಂಡು ಬಂದರು. ಕಟ್ಟೆಯ ಮೇಲೆ ಕುಳಿತು ಕಷ್ಟಪಟ್ಟು ಬೂಟು ಬಿಚ್ಚಿದರು. ಚಹಾ ಎಂದ ಕೂಡಲೇ, "ನನಗ ಸಕ್ಕರಿ ಬ್ಯಾಡ, ಶುಗರ್ ಅದ," ಅಂದರು. ನಾದಿನಿಯ ಮುಖ ಇಳಿಯಿತು. ಸಕ್ಕರೆ ಬೇಡವೆಂದ ಮೇಲೆ ಡಬ್ಬಿ ಹುಡುಕುವವರು ಯಾರು, ನೋಡುವುದು ಏನನ್ನು?

ಹುಡುಗಿ ಮಾತ್ರ ಶುಗರ್ ಎಂಬ ಮಾತು ಕೇಳಿದ್ದೇ ಅವರ ಕಾಲನ್ನೇ ನೋಡತೊಡಗಿದಳು. ಎಡಗಾಲಿನ ಕಾಲುಚೀಲದ ಹಿಮ್ಮಡಿಯಲ್ಲಿ ಒಂದು ಕೆಂಪು ಚುಕ್ಕೆ ಇತ್ತು.

"ಅಜ್ಜಾರ, ಆ ಕಾಲ ತೋರಸ್ರಿ."

ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಅವ್ವ ಮಂಚದಿಂದಲೇ, "ತೋರಿಸಿಬಿಡ್ರಿ ಸರ, ಅಕಿ ಬಿಡಾಂಗಿಲ್ಲ," ಅಂದಳು. ಹುಡುಗಿ ಹೋಗಿ ಮೊಣಕೈವರೆಗೆ ಸಾಬೂನಿನಿಂದ ಕೈ ತೊಳೆದು ಬಂದಳು. ಕುದಿಸಿ ಆರಿಸಿದ ನೀರು, ಆ ಒಂದೇ ಅಳತೆಯ ಬಟ್ಟೆಯ ಚೌಕಗಳು, ಒಂದು ತಾಟು. ಎಲ್ಲ ಕೈಗೆ ತಾನಾಗಿ ಬಂದ ಹಾಗೆ ಬಂದವು. ಯಾವಾಗ ಆದದ್ದು ಎಂದು ಕೇಳಿದಳು. ನಿನ್ನೆ ಎಂದರು.

"ಸುಳ್ಳ ಹೇಳಬ್ಯಾಡ್ರಿ. ಅಂಚು ಬೆಳ್ಳಗಾಗೇತಿ."

"ನಾಲ್ಕು ದಿನ," ಎಂದರು ಪ್ರೊಫೆಸರರು, ಶಾಲೆಯ ಹುಡುಗನ ಹಾಗೆ.

ಅವಳು ತೊಳೆದು, ಬೆರಳ ಸಂದಿಯ ನೀರನ್ನು ಸಹ ಒತ್ತಿ ಒರೆಸಿ, ಪಟ್ಟಿ ಕಟ್ಟಿದಳು. ಈ ಬೂಟು ಹಾಕಬೇಡಿ, ದವಾಖಾನೆಗೆ ತೋರಿಸಿ ಎಂದಳು. ಸೋಮವಾರ ತೋರಿಸುತ್ತೇನೆ ಎಂದರು. "ಇವತ್ತ," ಎಂದಳು. ದೊಡ್ಡವ್ವ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದಳು. ಈಗ ಮುಂದೆ ಬಂದು ಸಕ್ಕರೆ ಇಲ್ಲದ ಚಹಾ ಅವರ ಕೈಗೆ ಕೊಟ್ಟಳು. ಅವರು ಒಂದು ಹನಿ ಬಿಡದೆ ಕುಡಿದರು.

ಕಾರಿನಲ್ಲಿ ಶಿಗ್ಗಾವಿ ಬರುವವರೆಗೂ ಅವರು ಪಟ್ಟಿ ಕಟ್ಟಿದ ಕಾಲನ್ನೇ ನೋಡುತ್ತ ಕುಳಿತರು. ನಾದಿನಿ ನನ್ನ ಕೈ ಹಿಡಿದುಕೊಂಡಿದ್ದಳು. ಊರು ಬಂದಾಗ ಡ್ರೈವರನಿಗೆ, "ಇಲ್ಲಿ ದವಾಖಾನಿ ಎಲ್ಲಿ ಅದ ನೋಡಪಾ," ಅಂದರು. ಸಂಕ್ರಾಂತಿಗೆ ಎರಡು ದಿನ ಇರುವಾಗ ಬಂದ ಕಾಗದದಲ್ಲಿ ವಿಷಯ ಬದಲಾಯಿಸುವ ಅಗತ್ಯವಿಲ್ಲ ಎಂದು ಟೈಪು ಮಾಡಿ ಸಹಿ ಹಾಕಿದ್ದರು. ಕೆಳಗೆ ಪೆನ್ನಿನಲ್ಲಿ, ಕಾಲು ಆರಾಮ ಆಗುತ್ತಿದೆ ಎಂದು ದುಂಡಸಿಯ ಆ ಪುಟ್ಟ ಡಾಕ್ಟರಿಗೆ ತಿಳಿಸಿ ಎಂದು ಬರೆದಿದ್ದರು. ನಾದಿನಿ ಆ ಕಾಗದ ಹಿಡಿದು ಅಡುಗೆಮನೆಯಲ್ಲಿ ನನ್ನನ್ನು ಎತ್ತಿ ತಿರುಗಿಸಿದಳು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಅತ್ತೆ ಬಂದು, ಸಂಕ್ರಾಂತಿಯ ಮೊದಲೇ ಉಕ್ಕಿತಲ್ಲ, ಒಳ್ಳೆಯದು, ಎಂದರು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಅವಳ ಪ್ರಬಂಧ ಪುಸ್ತಕವಾಯಿತು, ಅವಳಿಗೆ ಕೆಲಸವಾಯಿತು, ಕೆಲವು ಶಾಲೆಗಳಲ್ಲಿ ಇಂಥ ಮಕ್ಕಳು ಎರಡನೆಯ ಗಂಟೆಗೆ ಬಂದರೂ ಹೊರಗೆ ನಿಲ್ಲಿಸುವುದಿಲ್ಲ ಎಂಬ ಪದ್ಧತಿ ಬಂತು. ಯಾರನ್ನೂ ಮನೆಯಿಂದ ಬಿಡಿಸಲಿಲ್ಲ. ಬದಲಿಗೆ ನರ್ಸಕ್ಕಂದಿರು ಮನೆಗೆ ಬರುವಂತಾಯಿತು. ವರ್ಷಕ್ಕೊಮ್ಮೆ ಆ ಮಕ್ಕಳನ್ನೆಲ್ಲ ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ಅವರದೊಂದೇ ತೊಂದರೆ, ಊಟಕ್ಕೆ ಕೂಡಿಸಿದರೆ ಕೂರುವುದಿಲ್ಲ, ಬಡಿಸಲು ಏಳುತ್ತಾರೆ. ಎದ್ದವರಿಗೆ ಹೋಳಿಗೆ ಇಲ್ಲ ಎಂದು ಪ್ರೊಫೆಸರಮ್ಮ ಹೆದರಿಸಬೇಕು.

ಕಳೆದ ತಿಂಗಳು ನಾವಿಬ್ಬರೂ ದುಂಡಸಿಗೆ ಹೋಗಿದ್ದೆವು. ಹುಡುಗಿ ಈಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಅವ್ವ ಕೋಲು ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಎದುರುಗೊಳ್ಳಲು ಬಂದಿದ್ದಳು, ಕಾಲಿನ ಗಾಯ ಎಂದೋ ಮಾಗಿದೆ. ಮನೆ ಸೇರಿದ ಕೂಡಲೇ ಹುಡುಗಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ನನಗೆ ಹೇಳಿದಳು: "ಇಷ್ಟ್ ವರ್ಷ ನಾ ಮಾಡಿದ್ದು ಕುಡದೀರಿ. ಇವತ್ತ ನೀವ ಮಾಡ್ರಿ, ನಾ ಕುಂತು ಕುಡಿತೇನಿ."

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಹಾಲು ಸಿಕ್ಕಿತು, ಚಹಾಪುಡಿ ಸಿಕ್ಕಿತು. ಒಂದು ಮುಚ್ಚಳ ತೆಗೆದೆ, ಎರಡನೆಯದು ತೆಗೆದೆ, ಮೂರನೆಯದೂ. ಹೊರಗಿನಿಂದ ಮೂವರ ನಗು ಕೇಳಿತು. ನಾದಿನಿ ಮುಚ್ಚಳ ಎಣಿಸುತ್ತಿದ್ದಳು. ಐದಾದ ಮೇಲೆ ಹುಡುಗಿ ಎದ್ದು ಬಂದು, ಅವ್ವನಿಗೆ ಕೇಳಿಸದಂತೆ ನನ್ನ ಕಿವಿಯಲ್ಲಿ ಜಾಗ ಹೇಳಿ, ಮತ್ತೆ ಹೋಗಿ ಕುಳಿತಳು.

ಕೈ ಹಾಕಿದೆ, ಡಬ್ಬಿ ಇತ್ತು. ಅದು ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಅವಳ ಅವ್ವ ಈಗ ಮಗಳ ಹತ್ತಿರ ಓದಲು ಕಲಿತಿದ್ದಾಳೆ.